ಪೆಟ್ಟಿಗೆಯ ಮೇಲೆ ಅಂಗೈ

ಗುಬ್ಬಿ
8 ಜುಲೈ 2024

ಸುಶ್ಮಿತಾ,

ನಾನು ನಿನ್ನ ಸಂಗೀತದ ಮಿಸ್, ಸರ್ವಮಂಗಳಮ್ಮ. ನೀನು ಎರಡು ಜಡೆ ಹಾಕಿಕೊಂಡು, ಕಾನ್ವೆಂಟಿನ ಸಾಕ್ಸು ಕಳಚದೆ ಚಾಪೆಯ ಮೇಲೆ ಕೂರುತ್ತಿದ್ದ ಕಾಲದಲ್ಲಿ ತುಮಕೂರಿನ ನಿಮ್ಮ ಮನೆಗೆ ಬಂದು ಪಾಠ ಹೇಳುತ್ತಿದ್ದೆ. ಮರೆತಿದ್ದರೆ ಮುಂದೆ ಓದಬೇಡ.

ನಿನ್ನ ವಿಳಾಸ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಮೊದಲು ಆ ಗಿರಣಿ ಓಡಿದರೆ ಪಕ್ಕದ ಮನೆಯ ಗೂಡಿನಲ್ಲಿಟ್ಟ ದೀಪ ಕುಣಿಯುತ್ತಿತ್ತು. ಮೊನ್ನೆ ರಾಗಿ ಬೀಸಿಸಲು ಹೋದಾಗ ಎದುರಿಗೇ ನಿಂತರೂ ಕಾಲಿಗೆ ಏನೂ ಗೊತ್ತಾಗಲಿಲ್ಲ. ಏನು ಮಾಡಿಸಿದಿರಿ ಎಂದು ಸ್ಲೇಟಿನಲ್ಲಿ ಬರೆದು ಕೇಳಿದೆ. ಗಿರಣಿಯವನು, "ಸತ್ಯಮಂಗಲದ ಮೇಡಂ ರಬ್ಬರ್ ಬುಶ್ ಹಾಕ್ಸವ್ರೆ ಕಣಮ್ಮ, ಮಿಷನ್ನು ಈಗ ಎಮ್ಮೆ ಮಲಗ್ದಂಗೆ ಮಲಗೈತೆ" ಎಂದು ಗೋಡೆಯ ಕ್ಯಾಲೆಂಡರು ತೋರಿಸಿದ. ಅದರ ಕೆಳಗೆ ರಬ್ಬರ್ ಕಾರ್ಖಾನೆಯ ವಿಳಾಸವೂ ನಿನ್ನ ಹೆಸರೂ ಇದ್ದವು.

ಸ್ಲೇಟು ಯಾಕೆ ಎಂದರೆ, ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ನನ್ನ ದನಿ ಹೋಯಿತು. ಪಿಸುಮಾತೂ ಇಲ್ಲ. ಅದಕ್ಕೇ ಫೋನು ಮಾಡಬೇಡ; ನಾನು ಎತ್ತಿದರೂ ನಿನಗೆ ಕೇಳುವುದು ಉಸಿರು ಮಾತ್ರ. ಮೊಬೈಲಿನಲ್ಲಿ ಒತ್ತಿ ಒತ್ತಿ ಬರೆಯುವ ತಾಳ್ಮೆ ನನಗಿಲ್ಲ. ಕಾಗದವೇ ಸರಿ.

ಪಾಠ ಬಿಟ್ಟಿಲ್ಲ. ಇಲ್ಲಿನ ಸಂಗೀತ ಸಭಾದ ಹಿಂದಿನ ಕೋಣೆಗೆ ಹುಡುಗಿಯರು ಬರುತ್ತಾರೆ. ನಾನು ಹಾಡಿ ತೋರಿಸುವ ಬದಲು ಹಳೆಯದೊಂದು ರೇಡಿಯೋಗ್ರಾಂ ಹಾಡುತ್ತದೆ. ಮೇಲೆ ರೆಕಾರ್ಡು ತಿರುಗುವ ತಟ್ಟೆ, ಕೆಳಗೆ ಸ್ಪೀಕರು, ಎರಡಕ್ಕೂ ಒಂದೇ ಮರದ ಪೆಟ್ಟಿಗೆ. ಕುಣಿಗಲ್ಲಿನ ಮೈಕ್ ಸೆಟ್ ಚನ್ನವೀರಯ್ಯ ಅಂಗಡಿ ಮುಚ್ಚುವಾಗ ನನಗೆ ಕೊಟ್ಟದ್ದು. ಈಗ ಅದಕ್ಕೆ ರೋಗ. ಕೋಣೆಯ ನೆಲ ಹಳೆಯ ನಾಟಕದ ರಂಗದ ಹಲಗೆ. ಹುಡುಗಿಯರು ತಾಳ ತಟ್ಟಿದರೆ ಸೂಜಿ ಹಾರುತ್ತದೆ. ದನಿ ಸ್ವಲ್ಪ ಏರಿಸಿದರೆ ಪೆಟ್ಟಿಗೆ ಗೂಳಿಯಂತೆ ಹೂಂಕರಿಸುತ್ತದೆ.

ಸಭಾದ ಕಾರ್ಯದರ್ಶಿ ಲಕ್ಷ್ಮೀನರಸಿಂಹಯ್ಯನವರು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಮಾತು ಬರದೋರು ಹಾಡು ಹೇಳ್ಕೊಡೋದು, ಮಿಷನ್ನು ಊಳಿಡೋದು, ನೋಡ್ದೋರು ನಗ್ತಾರೆ. ಫೆಬ್ರವರಿಗೆ ಒಬ್ರು ವಿದ್ವಾಂಸರನ್ನ ಕರೆಸ್ತೀನಿ. ಹುಡುಗೀರು ಶ್ರುತಿ ಬಿಡದೆ ಹಾಡಿದ್ರೆ ಕೋಣೆ ನಿಮ್ದೇ. ಇಲ್ದಿದ್ರೆ ಯೋಗದ ಕ್ಲಾಸಿನೋರು ಕೇಳ್ತಾವ್ರೆ" ಎಂದರು.

ನನಗೆ ಉಳಿದಿರುವುದು ಆ ಕೋಣೆಯೊಂದೇ. ಗಿರಣಿಗೆ ಮಾಡಿದ್ದನ್ನೇ ನನ್ನ ಪೆಟ್ಟಿಗೆಗೂ ಮಾಡಿಕೊಡು.

ಸರ್ವಮಂಗಳಮ್ಮ


ಸತ್ಯಮಂಗಲ, ತುಮಕೂರು
15 ಜುಲೈ 2024

ಪ್ರೀತಿಯ ಮಿಸ್,

ಮರೆತಿಲ್ಲ. ಸಾಕ್ಸಿನ ಮಾತು ಓದಿ ಕಾರ್ಖಾನೆಯಲ್ಲೇ ನಕ್ಕೆ. ಆಮೇಲೆ ನಿಮ್ಮ ದನಿಯ ವಿಷಯಕ್ಕೆ ಬಂದೆ. ಅದಕ್ಕೆ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಆದ್ದರಿಂದ ಕೆಲಸದ ಮಾತನ್ನೇ ಬರೆಯುತ್ತೇನೆ. ಇಂಗ್ಲಿಷ್ ಮೀಡಿಯಮ್ಮಿನವಳು, ಕನ್ನಡದಲ್ಲಿ ಇಷ್ಟುದ್ದ ಬರೆದು ಬಹಳ ಕಾಲವಾಯಿತು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ.

ರೆಕಾರ್ಡಿನ ಗೆರೆಯಲ್ಲಿ ಸೂಜಿ ಓಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಏರಿಳಿತಗಳ ಮೇಲೆ. ಹಾಡು ಯಾವುದು, ನೆಲದ ನಡುಕ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಮೈಗೆ ತಗಲಿದ್ದನ್ನೆಲ್ಲ ಹಾಡೆಂದೇ ಸ್ಪೀಕರಿಗೆ ಒಪ್ಪಿಸುತ್ತದೆ. ಸ್ಪೀಕರಿನ ನಡುಕ ಮರದ ಮೂಲಕ ಮತ್ತೆ ಸೂಜಿಗೆ ಬರುತ್ತದೆ, ಸೂಜಿ ಅದನ್ನೂ ಹಾಡುತ್ತದೆ. ಹೀಗೆ ಸುತ್ತಿ ಸುತ್ತಿ ಬೆಳೆದಾಗ ನಿಮ್ಮ ಗೂಳಿ ಎದ್ದು ನಿಲ್ಲುತ್ತದೆ. ಮದುವೆಮನೆಯಲ್ಲಿ ಮೈಕು ಕೂಗುವುದೂ ಇದೇ ರೀತಿ.

ಗುಬ್ಬಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪಾರ್ಸೆಲ್ ಕಳಿಸಿದ್ದೇನೆ. ನಾಲ್ಕು ದಪ್ಪ ರಬ್ಬರ್ ಬಿಲ್ಲೆಗಳನ್ನು ಪೆಟ್ಟಿಗೆಯ ಕಾಲಿನ ಕೆಳಗಿಡಿ. ಸುರುಳಿ ಸುತ್ತಿರುವ ಹಾಳೆಯನ್ನು ಪೆಟ್ಟಿಗೆಯ ಒಳಗೋಡೆಗೆಲ್ಲ ಅಂಟಿಸಿ. ಅದು ಮರದ ನಡುಕವನ್ನು ಹೀರಿಕೊಳ್ಳುತ್ತದೆ. ನಾನೇ ಬರಬೇಕಿತ್ತು. ಬೋರ್‌ವೆಲ್ ಮೋಟಾರಿನ ದೊಡ್ಡ ಆರ್ಡರು ನಡೆಯುತ್ತಿದೆ.

ನಮ್ಮ ಫೋರ್‌ಮನ್ ಶಿವರಾಜ್ ಬಿಲ್ಲೆ ಅಚ್ಚಿನಿಂದ ತೆಗೆಯುತ್ತ, "ಮೇಡಂ, ಗಿರಣಿ ರಬ್ಬರು ಹಾಡಿಗೆ ಹಾಕಿದ್ರೆ ಹಾಡು ಹಿಟ್ಟಾಗ್ಬುಟ್ಟಾತು!" ಅಂದ. ನಾನು ಗದರಿಸಿದೆ.

ನಿಮ್ಮ
ಸುಶ್ಮಿತಾ


ಗುಬ್ಬಿ
2 ಆಗಸ್ಟ್ 2024

ಸುಶ್ಮಿ,

ಕೆಂಪು ಶಾಯಿಗೆ ಕೆಲಸ ಕೊಡಲಿಲ್ಲ ನೀನು. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಬಿಲ್ಲೆ ಇಟ್ಟೆವು. ಹಾಳೆ ಅಂಟಿಸಲು ಸಿಂಚನಾಳ ಅಪ್ಪ ಬಂದಿದ್ದರು. ಸಿಂಚನಾ ನನ್ನ ವಿದ್ಯಾರ್ಥಿಗಳಲ್ಲಿ ದೊಡ್ಡವಳು, ಹತ್ತನೇ ಕ್ಲಾಸು. ನಾನು ಸ್ಲೇಟಿನಲ್ಲಿ ಬರೆದದ್ದನ್ನು ಉಳಿದವರಿಗೆ ಓದಿ ಹೇಳುವವಳು ಅವಳೇ. ನಾನು ಬರೆಯದ ಬೈಗುಳವನ್ನೂ ಸೇರಿಸಿ ಓದುತ್ತಾಳೆ.

ಸೂಜಿ ಹಾರುತ್ತಿಲ್ಲ. ಗೂಳಿ ಸುಮ್ಮನಾಯಿತು. ಸದ್ದು ಶುದ್ಧವಾಗಿದೆ. ನಿನ್ನ ಕೈಗೆ ಒಳ್ಳೆಯದಾಗಲಿ.

ಹುಡುಗಿಯರ ದನಿ ಮಾತ್ರ ಸ್ವಲ್ಪ ಮಂಕು. ಮಳೆಗಾಲದ ನೆಗಡಿ ಇರಬೇಕು.

ಗುಬ್ಬಿಗೆ ಬಸ್ಸಿದೆ. ಅದು ವಾಪಸ್ಸೂ ಬರುತ್ತದೆ.

ಸರ್ವಮಂಗಳಮ್ಮ


ಸತ್ಯಮಂಗಲ
19 ಆಗಸ್ಟ್ 2024

ಪ್ರೀತಿಯ ಮಿಸ್,

ನಿಮ್ಮ ಕಾಗದವನ್ನು ಶಿವರಾಜನಿಗೆ ಓದಿ ಹೇಳಿದೆ. "ಹಾಡು ಹಿಟ್ಟಾಗ್ಲಿಲ್ಲ ಬುಡಿ ಹಂಗಾದ್ರೆ" ಎಂದು ಸೋಲೊಪ್ಪಿಕೊಂಡ.

ಗೆಲುವು ಇಷ್ಟು ಸುಲಭವಾಗಿ ಬಂದರೆ ನನಗೆ ಅನುಮಾನ ಶುರುವಾಗುತ್ತದೆ. ಆದ್ದರಿಂದ ಇನ್ನೂ ದಪ್ಪದ ಹಾಳೆ ಕಳಿಸಿದ್ದೇನೆ. ಪೆಟ್ಟಿಗೆಯ ಮುಚ್ಚಳಕ್ಕೂ ತಳಕ್ಕೂ ಅಂಟಿಸಿ. ಹಾಡುವಾಗ ಪೆಟ್ಟಿಗೆಯನ್ನು ಮುಟ್ಟಿದರೆ ಕೈಗೆ ಏನೂ ತಿಳಿಯಬಾರದು; ಆಗ ನಮ್ಮ ಕೆಲಸ ಪೂರ್ತಿ ಆಯಿತೆಂದು ಅರ್ಥ.

ನೆನಪಾಯಿತು. ಪಾಠದಲ್ಲಿ ನೀವು ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟು ನೆಟ್ಟಗೆ ಕೂರಿಸುತ್ತಿದ್ದಿರಿ. ಈಗಲೂ ಮೀಟಿಂಗಿನಲ್ಲಿ ಕುರ್ಚಿಗೆ ಒರಗದೆ ಕೂರುವವಳು ನಾನೊಬ್ಬಳೇ.

ಈ ತಿಂಗಳೂ ಬರಲಾಗುತ್ತಿಲ್ಲ. ಆಡಿಟ್ ಇದೆ.

ನಿಮ್ಮ
ಸುಶ್ಮಿತಾ


ಗುಬ್ಬಿ
7 ಅಕ್ಟೋಬರ್ 2024

ಸುಶ್ಮಿ,

ಉತ್ತರ ತಡವಾಯಿತು. ಬರೆಯಲು ಒಳ್ಳೆಯ ಸುದ್ದಿ ಇರಲಿಲ್ಲ.

ಎರಡನೆಯ ಹಾಳೆಯನ್ನೂ ಅಂಟಿಸಿದೆವು. ಯಂತ್ರದ ಬಗ್ಗೆ ದೂರಿಲ್ಲ. ದೂರು ನನ್ನ ಬಗ್ಗೆಯೇ. ಹುಡುಗಿಯರು ಶ್ರುತಿಯಲ್ಲಿ ನಿಲ್ಲುತ್ತಿಲ್ಲ. ಶುರುವಿನಲ್ಲಿ ಹಿಡಿಯುತ್ತಾರೆ, ನಡುವೆ ಒಂದು ಕೂದಲು ಕೆಳಗೆ, ಕೊನೆಗೆ ಬರುವ ಹೊತ್ತಿಗೆ ಪೂರಾ ಜಾರಿರುತ್ತಾರೆ. ಹಾಡಿ ತೋರಿಸಿ ಎಳೆದು ಮೇಲೆ ತರುವುದು ನನ್ನಿಂದ ಆಗದು. ಸ್ಲೇಟಿನಲ್ಲಿ 'ಮೇಲೆ' ಎಂದು ಬರೆದು ಎತ್ತಿ ಹಿಡಿಯುತ್ತೇನೆ. ಬಸ್ ಸ್ಟ್ಯಾಂಡಿನ ಬೋರ್ಡಿನಂತೆ.

ಮೋನಿಕಾ ಎಂಬ ಪುಟ್ಟ ಹುಡುಗಿ, ಎಲ್ಲರಿಗಿಂತ ಒಳ್ಳೆಯ ಮಂದ್ರ ಅವಳದು, ಬರುವುದನ್ನೇ ಬಿಟ್ಟಳು. "ಬ್ಯಾಡ ಕಣಜ್ಜಿ, ನಂಗೆ ಗೊತ್ತೇ ಆಯ್ತಿಲ್ಲ" ಎಂದು ನನಗೇ ಹೇಳಿದಳು. ಏನು ಗೊತ್ತಾಗುತ್ತಿಲ್ಲ ಎಂದು ಸ್ಲೇಟಿನಲ್ಲಿ ಬರೆಯುವಷ್ಟರಲ್ಲಿ ಓಡಿಹೋದಳು.

ಲಕ್ಷ್ಮೀನರಸಿಂಹಯ್ಯನವರು ಹೇಳಿದ್ದೇ ನಿಜವಿರಬಹುದು.

ಸರ್ವಮಂಗಳಮ್ಮ


ಸತ್ಯಮಂಗಲ
12 ಅಕ್ಟೋಬರ್ 2024

ಪ್ರೀತಿಯ ಮಿಸ್,

ನಿಮ್ಮ ಕಾಗದ ಓದಿ ಸುಮ್ಮನಿರಲು ಆಗಲಿಲ್ಲ. ನೀವು ದಣಿದಿದ್ದೀರಿ. ಆಪರೇಷನ್ ಆದ ಮೇಲೂ ಒಂದು ದಿನ ಪಾಠ ನಿಲ್ಲಿಸಿಲ್ಲ ಅಂದರೆ ದಣಿವಾಗದೆ ಇರುತ್ತದೆಯೇ?

ಇದರ ಜೊತೆ ಎಲೆಕ್ಟ್ರಾನಿಕ್ ತಂಬೂರಿಯನ್ನೂ ಒಂದು ಬ್ಲೂಟೂತ್ ಸ್ಪೀಕರನ್ನೂ ಕಳಿಸಿದ್ದೇನೆ. ಗುಂಡಿ ಒತ್ತಿದರೆ ಸಾಕು, ಶ್ರುತಿ ಯಾವತ್ತೂ ಜಾರುವುದಿಲ್ಲ. ಪಾಠಗಳೆಲ್ಲ ಯೂಟ್ಯೂಬಿನಲ್ಲೂ ಸಿಗುತ್ತವೆ. ಹಳೆಯ ಪೆಟ್ಟಿಗೆಗೆ ಸ್ವಲ್ಪ ವಿಶ್ರಾಂತಿ ಕೊಡಿ, ನೀವೂ ತೆಗೆದುಕೊಳ್ಳಿ.

ಹೀಗೆ ಬರೆಯುವುದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ.

ನಿಮ್ಮ
ಸುಶ್ಮಿತಾ


ಗುಬ್ಬಿ
18 ನವೆಂಬರ್ 2024

ಸುಶ್ಮಿತಾ,

ಪಾರ್ಸೆಲ್ ವಾಪಸ್ಸು ಕಳಿಸಿದ್ದೇನೆ, ಬಿಚ್ಚಿಲ್ಲ. ತಪ್ಪು. ನೀನು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ.

ವಿಶ್ರಾಂತಿ ತೆಗೆದುಕೋ ಎಂದು ಡಾಕ್ಟರು ಹೇಳಿದರು, ಕಾರ್ಯದರ್ಶಿ ಹೇಳಿದರು, ಎದುರುಮನೆಯವರು ಹೇಳಿದರು. ನೀನೂ ಹೇಳಿದ ಮೇಲೆ ಒಂದು ತಿಂಗಳು ನಿನಗೆ ಬರೆಯಲಿಲ್ಲ. ಬರೆದಿದ್ದರೆ ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆ.

ನೀನು ಕಳಿಸಿದ ಡಬ್ಬಿಯನ್ನು ನಾನು ಏನು ಮಾಡಲಿ? ಕಿವಿಗೆ ಹೇಳಿಕೊಡುವುದು ಎಲ್ಲರಿಗೂ ಬರುತ್ತದೆ. ನಾನು ಹೇಳಿಕೊಡುವುದು ಮೈಗೆ. ಬೆನ್ನಿನ ಮೇಲೆ ಅಂಗೈ ಇಡುತ್ತಿದ್ದದ್ದು ನೆಟ್ಟಗೆ ಕೂರಿಸಲು ಎಂದು ಬರೆದಿದ್ದೆಯಲ್ಲ, ಇಷ್ಟು ವರ್ಷ ಹಾಗೇ ತಿಳಿದಿದ್ದೆಯಾ? ಕೆಳಗಿನ 'ಸ', ಮಂದ್ರ ಷಡ್ಜ, ಸರಿಯಾಗಿ ಹಿಡಿದರೆ ಬೆನ್ನು ಗುಂಯ್ ಎನ್ನುತ್ತದೆ ಕಣೇ. ಒಂದು ಕೂದಲು ಜಾರಿದರೂ ಆ ಗುಂಯ್ ಕಳಚಿಹೋಗುತ್ತದೆ. ಅದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು.

ದನಿ ಹೋದ ಮೇಲೆ ಪಾಠ ಹೇಗೆ ನಡೆಯಿತು ಅಂದುಕೊಂಡೆ? ಹುಡುಗಿಯರನ್ನು ಪೆಟ್ಟಿಗೆಯ ಸುತ್ತ ಕೂರಿಸಿ ಬಲಗೈಯನ್ನು ಮರದ ಮೇಲೆ, ಎಡಗೈಯನ್ನು ಎದೆಯ ಮೇಲೆ ಇಡಿಸುತ್ತಿದ್ದೆ. ರೆಕಾರ್ಡಿನ ತಂಬೂರಿ ಮರದಲ್ಲಿ ಮಿಡಿಯುತ್ತದೆ. ಮರದ ಮಿಡಿತವೂ ಎದೆಯ ಮಿಡಿತವೂ ಒಂದೇ ಆಗುವ ತನಕ ಹಾಡಬೇಕು. ಅದೇ ಪಾಠ. ಪೆಟ್ಟಿಗೆಯೇ ನನ್ನ ಬೆನ್ನು.

ಈಗ ಹುಡುಗಿಯರು ಹಾಡುವುದನ್ನು ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದೇನೆ. ಏನು ತಪ್ಪಿದೆ ಎಂದು ಹಿಡಿಯಲು ಆಗುತ್ತಿಲ್ಲ. ವಯಸ್ಸಿನಿಂದ ನನ್ನ ಕೈಯೂ ಮರಗಟ್ಟಿರಬೇಕು. ಪೆಟ್ಟಿಗೆ ಮುಟ್ಟಿದರೆ ನನಗೂ ಏನೂ ಸಿಗುತ್ತಿಲ್ಲ.

ಸರ್ವಮಂಗಳಮ್ಮ


ಸತ್ಯಮಂಗಲ
20 ನವೆಂಬರ್ 2024

ಮಿಸ್,

ನಿಮ್ಮ ಕೈ ಮರಗಟ್ಟಿಲ್ಲ. ನಿಮ್ಮ ಪೆಟ್ಟಿಗೆಯನ್ನು ಮರಗಟ್ಟಿಸಿದವಳು ನಾನು.

"ಮುಟ್ಟಿದರೆ ಕೈಗೆ ಏನೂ ತಿಳಿಯಬಾರದು" ಎಂದು ನಾನೇ ಹೆಮ್ಮೆಯಿಂದ ಬರೆದಿದ್ದೆ. ಮೋನಿಕಾ "ಗೊತ್ತೇ ಆಯ್ತಿಲ್ಲ" ಎಂದದ್ದು ಇದನ್ನೇ. ಗಿರಣಿಯಲ್ಲಿ ನಡುಕ ಶತ್ರು. ಅದು ಎಲ್ಲಿದ್ದರೂ ಕೊಲ್ಲುವುದೇ ನನ್ನ ಕಸುಬಾಗಿಬಿಟ್ಟಿದೆ. ಹಾಡುವ ಪೆಟ್ಟಿಗೆಗೂ ಅದನ್ನೇ ಮಾಡಿದೆ. ನೀವು ಪೆಟ್ಟಿಗೆಯನ್ನು ಹೇಗೆ ಬಳಸುತ್ತೀರಿ ಎಂದು ಒಂದು ಸಲವೂ ಕೇಳಲಿಲ್ಲ.

ಹಾಳೆಯನ್ನೆಲ್ಲ ಕಿತ್ತುಬಿಡಿ. ಬಿಲ್ಲೆಗಳನ್ನೂ ತೆಗೆಯಿರಿ. ಗೂಳಿ ಮತ್ತೆ ಬರುತ್ತದೆ, ಬರಲಿ. ಅದನ್ನು ಬೇರೆ ಕಡೆಯಿಂದ ಹಿಡಿಯುತ್ತೇನೆ. ಪೆಟ್ಟಿಗೆ ಮಿಡಿಯಬೇಕು, ಸೂಜಿಗೆ ಮಾತ್ರ ಆ ಮಿಡಿತ ತಲುಪಬಾರದು. ಈ ಎರಡರ ನಡುವೆ ಎಲ್ಲೋ ಒಂದು ಜಾಗವಿದೆ. ನಾನು ರಬ್ಬರು ಹಾಕಬೇಕಾಗಿದ್ದುದು ಅಲ್ಲಿ.

ಒಂದು ವಿಷಯ ನೋಡಿ ಹೇಳಿ. ರೆಕಾರ್ಡಿನ ತಟ್ಟೆ ಕೂತಿರುವ ಹಲಗೆಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ಅಲುಗಾಡುತ್ತದೆಯೇ?

ಸುಶ್ಮಿತಾ


ಗುಬ್ಬಿ
24 ನವೆಂಬರ್ 2024

ಸುಶ್ಮಿ,

ಹಾಳೆ ಕೀಳುವಾಗ ಸಿಂಚನಾಳ ಅಪ್ಪ ಹೇಳಿದರು, "ಅಂಟ್ಸೋರೂ ನಾವೇ, ಕೀಳೋರೂ ನಾವೇ. ಸಂಗೀತ ಅಂದ್ರೆ ಇದೇನಾ ಮಿಸ್?" ನಾನು ಸ್ಲೇಟಿನಲ್ಲಿ 'ಹೌದು' ಎಂದು ಬರೆದೆ.

ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಸಿಕ್ಕಿತು. ಹೆಚ್ಚು ಬರೆಯುವುದಿಲ್ಲ, ಕಾಗದ ಒದ್ದೆಯಾದರೆ ನಿನಗೆ ಓದಲಾಗುವುದಿಲ್ಲ.

ಮೋನಿಕಾಳನ್ನು ಮನೆಗೇ ಹೋಗಿ ಕರೆತಂದೆ. ಅಂಗೈ ಇಟ್ಟವಳೇ, "ಅಜ್ಜೀ, ಜೀವ ಬಂದೈತೆ ಕಣಜ್ಜಿ ಇದಕ್ಕೆ!" ಎಂದು ಕಿರುಚಿದಳು. ಆ ಕಿರುಚಿಗೆ ಸೂಜಿ ಹಾರಿತು. ಗೂಳಿಯೂ ಮರಳಿ ಬಂದಿದೆ. ದನಿ ಸಣ್ಣಗೆ ಇಟ್ಟುಕೊಂಡಿದ್ದೇವೆ, ತಾಳವನ್ನು ಗಾಳಿಯಲ್ಲಿ ಹಾಕುತ್ತಿದ್ದೇವೆ. ಫೆಬ್ರವರಿಯಲ್ಲಿ ವಿದ್ವಾಂಸರ ಎದುರು ಹೀಗೆ ನಡೆಯುವುದಿಲ್ಲ.

ನೀನು ಕೇಳಿದ್ದು: ಹಲಗೆ ಕಲ್ಲಿನಂತೆ ಗಟ್ಟಿ, ಒಂದಿಷ್ಟೂ ಅಲುಗುವುದಿಲ್ಲ. ಗಟ್ಟಿ ಇರುವುದು ಒಳ್ಳೆಯದೇ ತಾನೆ?

ಸರ್ವಮಂಗಳಮ್ಮ


ಸತ್ಯಮಂಗಲ
9 ಡಿಸೆಂಬರ್ 2024

ಪ್ರೀತಿಯ ಮಿಸ್,

ಅಲ್ಲ! ಗಟ್ಟಿ ಇರಬಾರದು. ನಿನ್ನೆ ಕುಣಿಗಲ್ಲಿಗೆ ಹೋಗಿ ಚನ್ನವೀರಯ್ಯನವರನ್ನು ನೋಡಿ ಬಂದೆ. ಕೆರೆ ಏರಿಯ ಹತ್ತಿರ ಮಗನ ಮನೆಯಲ್ಲಿದ್ದಾರೆ. ರೇಡಿಯೋಗ್ರಾಂ ಎಂದ ಕೂಡಲೇ ಎದ್ದು ಶರಟು ಹಾಕಿಕೊಂಡರು. ಹಳೆಯ ಗಿರಾಕಿ ಬಂದಳೆಂದು ತಿಳಿದಿರಬೇಕು.

"ಅದ್ರಲ್ಲಿ ತಟ್ಟೆ ಕೆಳಗೆ ಸ್ಪ್ರಿಂಗು ಇತ್ತಲ್ವಾ?" ಎಂದು ಕೇಳಿದೆ.

"ಇತ್ತು, ಶನಿ! ಕಂಪನಿಯೋನು ಉಯ್ಯಾಲೆ ಕಟ್ಟಿದ್ದ. ಮನೇಲಿಟ್ರೆ ಚೆಂದ. ನಾವು ಮೆರವಣಿಗೆ ವ್ಯಾನ್ ಮೇಲೆ ಇಟ್ಕೊಂಡು ಓಡ್ಬೇಕಲ್ಲ! ಒಂದು ಮದ್ವೇಲಿ ಸೂಜಿ ಎಗರಿ ಎಗರಿ, ಹಾಡಿನ ಒಂದೇ ಸಾಲು ಪೇಟೆಯಿಂದ ಕೆರೆ ಏರಿವರ್ಗೂ ಬಂತು. ಗಂಡಿನ ಮಾವ 'ಏನ್ಲಾ ಚನ್ವೀರ, ಗಂಡು ಮುಂದಕ್ಕೋದ, ಹಾಡು ಅಲ್ಲೇ ನಿಂತೈತೆ' ಅಂದ. ಅವತ್ತೇ ಬೇವಿನ ತುಂಡು ಕೆತ್ತಿ ಸ್ಪ್ರಿಂಗು ಪಕ್ಕದಲ್ಲೆಲ್ಲ ಬಡಿದುಬುಟ್ಟೆ. ಅಲುಗಾಡು ನೋಡಾನ ಅಂದೆ."

"ಅದ್ಕೇ ಈಗ ಕೂಗ್ತಿದೆ, ಸರ್."

"ವ್ಯಾನ್ ಮ್ಯಾಲೆ ಒಂದಿನಾನೂ ಕೂಗ್ಲಿಲ್ವಲ್ಲ!"

ಅವರು ಹೇಳಿದ್ದು ನಿಜವೇ, ಮಿಸ್. ವ್ಯಾನಿನ ಮೇಲೆ ಅವರು ತಮ್ಮ ಹಾರ್ನ್ ಸ್ಪೀಕರುಗಳನ್ನು ಕಟ್ಟಿ ದೂರಕ್ಕೆ ತಿರುಗಿಸುತ್ತಿದ್ದರು. ಪೆಟ್ಟಿಗೆಯ ಸ್ಪೀಕರಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಮೆರವಣಿಗೆಗೆ ಬೇವಿನ ತುಂಡು ಸರಿ. ಪಾಠದ ಕೋಣೆಗೆ ಅದೇ ತುಂಡು ಸ್ಪೀಕರಿನ ನಡುಕವನ್ನು ನೇರವಾಗಿ ಸೂಜಿಗೆ ಹತ್ತಿಸುವ ಸೇತುವೆ.

ತುಂಡುಗಳನ್ನು ತೆಗೆದರೆ ತಟ್ಟೆ ಸ್ಪ್ರಿಂಗಿನ ಮೇಲೆ ತೇಲುತ್ತದೆ. ಆದರೆ ಬರೀ ಸ್ಪ್ರಿಂಗಿನದು ಉಯ್ಯಾಲೆಯ ಸ್ವಭಾವ, ಒಮ್ಮೆ ತಳ್ಳಿದರೆ ಆಡುತ್ತಲೇ ಇರುತ್ತದೆ. ಅದನ್ನು ಮೆಲ್ಲಗೆ ತಡೆದು ನಿಲ್ಲಿಸಲು ಪ್ರತಿ ಸ್ಪ್ರಿಂಗಿನ ಹೊಟ್ಟೆಯೊಳಗೂ ಒಂದು ಮೆತ್ತನೆಯ ರಬ್ಬರಿನ ಗುಂಡಿ ಬೇಕು. ಗಟ್ಟಿಯಾದರೆ ಮತ್ತೆ ಬೇವಿನ ತುಂಡೇ, ತೀರಾ ಮೆತ್ತಗಾದರೆ ಉಯ್ಯಾಲೆಯೇ. ನಮ್ಮಲ್ಲಿ ಇಷ್ಟು ಮೆತ್ತನೆಯ ರಬ್ಬರನ್ನು ಯಾವತ್ತೂ ಮಾಡಿಲ್ಲ. ಶಿವರಾಜ್ ನನ್ನ ಮೊದಲ ಪ್ರಯತ್ನವನ್ನು ಹಿಚುಕಿ ನೋಡಿ, "ಮೇಡಂ, ಇದು ಮುದ್ದೆ. ನುಂಗ್ಬೋದು" ಅಂದ. ಮತ್ತೆ ಮಾಡುತ್ತಿದ್ದೇವೆ. ಪೆಟ್ಟಿಗೆಗೆ ಮಾತ್ರ ಏನೂ ಹಾಕುವುದಿಲ್ಲ. ಅದು ನಿಮ್ಮದು.

ಸರಿಯಾದ ಮೇಲೆ ಶಿವರಾಜನನ್ನು ಕಳಿಸುತ್ತೇನೆ. ನಾನು ಯಾಕೆ ಬರುತ್ತಿಲ್ಲ ಎಂದು ನೀವು ಕೇಳುತ್ತೀರಿ. ಆರ್ಡರೂ ಅಲ್ಲ, ಆಡಿಟ್ಟೂ ಅಲ್ಲ. ನಿಮ್ಮ ದನಿ ನನ್ನ ಕಿವಿಯಲ್ಲಿ ಹಾಗೇ ಇದೆ, ಮಿಸ್. ನೀವು ಬಾಯಿ ತೆರೆದು ದನಿ ಬಾರದಿರುವುದನ್ನು ನೋಡಿದರೆ ಅದೂ ಹೋಗಿಬಿಡುತ್ತದೋ ಎಂದು ಹೆದರಿಕೆ.

ಸುಶ್ಮಿತಾ


ಗುಬ್ಬಿ
20 ಜನವರಿ 2025

ಸುಶ್ಮಿ,

ನಿನ್ನ ಶಿವರಾಜ್ ಬಂದಿದ್ದ. ತಟ್ಟೆಯ ಹಲಗೆ ಎತ್ತಿ ಬೇವಿನ ತುಂಡುಗಳನ್ನು ಒಂದೊಂದಾಗಿ ಕಿತ್ತ. ಮೋನಿಕಾ ಅವನ್ನು ಹಲ್ಲಿನ ಡಾಕ್ಟರರ ಹತ್ತಿರ ಕಿತ್ತಿಸಿಕೊಂಡ ಹಲ್ಲುಗಳಂತೆ ಬಟ್ಟಲಲ್ಲಿ ಜೋಡಿಸಿದಳು. ಆಮೇಲೆ ನಿನ್ನ ರಬ್ಬರು. ಹಲಗೆಯ ಮೂಲೆ ಒತ್ತಿದೆ. ಇಳಿಯಿತು, ಎದ್ದಿತು, ಒಮ್ಮೆ ತೂಗಿ ನಿಂತಿತು. ಹಾಲು ತುಂಬಿದ ಕೆಚ್ಚಲಿನಂತೆ.

ರೆಕಾರ್ಡು ಹಾಕಿ ದನಿ ಏರಿಸಿದೆ. ಗೂಳಿ ಬರುತ್ತದೆ ಎಂದು ಹುಡುಗಿಯರೆಲ್ಲ ಕಿವಿ ಮುಚ್ಚಿಕೊಂಡರು. ಬರಲಿಲ್ಲ. ಇನ್ನೂ ಏರಿಸಿದೆ. ಬಂದದ್ದು ತಂಬೂರಿ. ಸುಶ್ಮಿ, ಈ ರೆಕಾರ್ಡು ನನ್ನ ಬಳಿ ಬಹಳ ವರ್ಷದಿಂದ ಇದೆ. ಇದರಲ್ಲಿ ತಂಬೂರಿಯ ನಾಲ್ಕನೆಯ ತಂತಿ, ಆ ಮಂದ್ರದ ತಂತಿ, ಇದೆಯೆಂದು ಮೊನ್ನೆಯ ತನಕ ನನಗೆ ಗೊತ್ತಿರಲಿಲ್ಲ. ಇಷ್ಟು ಕಾಲ ಅದು ಪೆಟ್ಟಿಗೆಯ ಗೊರಕೆಯ ಅಡಿಯಲ್ಲಿತ್ತು. ಹಾಡುವವರು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಅಂಗೈ ಇಟ್ಟರೆ ಮರ ಬೆಚ್ಚಗೆ ಮಿಡಿಯುತ್ತದೆ.

ಶಿವರಾಜ್ ಮರದ ಮೇಲೆ ಕೈಯಿಟ್ಟು ನೋಡಿದ. "ನಮ್ಮ ರಬ್ಬರು ಕೆಲ್ಸ ಮಾಡ್ತಾಯಿದ್ರೆ ಏನೂ ಆಗ್ಬಾರ್ದು ಅನ್ಕೊಂಡಿದ್ದೆ ಅಮ್ಮ. ಇಲ್ಲಿ ಎಲ್ಲಾ ಆಯ್ತಾ ಐತೆ" ಅಂದ. ಅವನಿಗೆ ಎರಡು ಸಲ ಕಾಫಿ ಕೊಟ್ಟೆ.

ವಿದ್ವಾಂಸರು ಬರುವುದು ಫೆಬ್ರವರಿ ಒಂಬತ್ತು, ಭಾನುವಾರ. ನಾನು ಬಾಯಿ ತೆರೆಯುವುದಿಲ್ಲ ಎಂದು ಮಾತು ಕೊಡುತ್ತೇನೆ. ಹೆದರದೆ ಬಾ.

ಸರ್ವಮಂಗಳಮ್ಮ


ಗುಬ್ಬಿ
12 ಫೆಬ್ರವರಿ 2025

ನನ್ನ ಸುಶ್ಮಿ,

ನೀನು ಬರುವ ಮುಂಚೆ ಆದದ್ದು ನಿನಗೆ ಗೊತ್ತಿಲ್ಲ. ನೀನಿದ್ದಾಗ ಹೇಳಲು ನನ್ನ ಸ್ಲೇಟು ನನ್ನ ಬಳಿ ಇರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ವಿದ್ವಾನ್ ಗುರುಪ್ರಕಾಶರು ಬಂದು ಕೂತರು. ನಾನು ರೆಕಾರ್ಡು ಹಾಕಿದೆ. ಲಕ್ಷ್ಮೀನರಸಿಂಹಯ್ಯನವರು ಎದ್ದು, "ಇದು ಈಗ ಸುಮ್ನಿರುತ್ತೆ ಸಾರ್, ತಾಳ ಹಾಕಿದ್ರೆ ನೋಡಿ" ಎಂದು ನಾಟಕದ ಭೀಮನ ಹಾಗೆ ಹಲಗೆಯ ಮೇಲೆ ಕಾಲು ಅಪ್ಪಳಿಸಿದರು. ಸೂಜಿ ಕದಲಲಿಲ್ಲ. ಮತ್ತೊಮ್ಮೆ ಅಪ್ಪಳಿಸಿದರು. ಅವರ ಕುರ್ಚಿ ಬಿತ್ತು, ಮೇಜಿನ ಮೇಲಿದ್ದ ನೀರಿನ ಲೋಟ ಬಿತ್ತು. ತಂಬೂರಿ ಮಾತ್ರ ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ಮೋನಿಕಾ, "ಇನ್ನೊಂದ್ಸಲ ಕುಣೀರಿ ತಾತ" ಎಂದಳು. ಸಭೆಯೇ ನಕ್ಕಿತು. ಪಾಪ, ಅವರೂ ನಕ್ಕರು.

ಆಗ ಗುರುಪ್ರಕಾಶರು, "ಮಿಷನ್ ಜೊತೇಲಿ ಯಾರು ಬೇಕಾದ್ರೂ ಹಾಡ್ತಾರೆ. ಆಫ್ ಮಾಡಿ. ಮಕ್ಳು ತಾವೇ ಹಾಡ್ಲಿ" ಎಂದರು. ನೀನು ಹಿಂದಿನ ಬಾಗಿಲಿನಿಂದ ಒಳಗೆ ಬಂದದ್ದು ಆಗಲೇ. ಉಳಿದದ್ದನ್ನು ನೀನೇ ನೋಡಿದೆ. ಪಲ್ಲವಿ, ಅನುಪಲ್ಲವಿ, ಚರಣ, ಆಸರೆಗೆ ಏನೂ ಇಲ್ಲ. ಹುಡುಗಿಯರು ಒಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದರು. ಇನ್ನೊಂದು ಕೈ ಖಾಲಿ ಗಾಳಿಯಲ್ಲಿ, ಪೆಟ್ಟಿಗೆ ಅಲ್ಲೇ ಇದೆ ಎನ್ನುವಂತೆ. ಮುಗಿದ ಕೂಡಲೇ ಗುರುಪ್ರಕಾಶರು ತಾವೇ ಎದ್ದು ಸ್ವಿಚ್ ಹಾಕಿ ಸೂಜಿ ಇಟ್ಟರು. ಹುಡುಗಿಯರ ಷಡ್ಜ ಇನ್ನೂ ನಿಂತಿತ್ತು. ತಂಬೂರಿ ಬಂದು ಅದರೊಳಗೆ ಸೇರಿತು, ಕೆರೆಗೆ ನೀರು ಸೇರಿದ ಹಾಗೆ, ಗೆರೆಯೇ ಕಾಣಲಿಲ್ಲ. "ಕೂದಲೆಳೆ ಜಾರಿಲ್ಲ!" ಎಂದು ಅವರು ಕೂಗಿದ್ದು ನೀನೂ ಕೇಳಿದೆ. ಅದನ್ನೇ ನನ್ನ ಸ್ಲೇಟು ಕಿತ್ತುಕೊಂಡು ದೊಡ್ಡದಾಗಿ ಬರೆದು, ಸಭೆಯ ತುಂಬ ಎತ್ತಿ ತೋರಿಸುತ್ತ ಓಡಾಡಿದವರು ಲಕ್ಷ್ಮೀನರಸಿಂಹಯ್ಯನವರು. ಈಗ ಊರಲ್ಲೆಲ್ಲ, "ನಾನು ತುಳಿದ್ರೂ ಹಾರ್ಲಿಲ್ಲ ಕಣ್ರೀ ನಮ್ಮ ಮಿಷನ್ನು" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಮ್ಮ ಮಿಷನ್ನಂತೆ! ಕೋಣೆಯ ಬೀಗದ ಕೈ ನನ್ನ ಸೆರಗಿನಲ್ಲಿದೆ.

ಇನ್ನೊಂದು ವಿಷಯ. ಆ ಗದ್ದಲದಲ್ಲಿ ನೀನು ಪೆಟ್ಟಿಗೆಯ ಪಕ್ಕ ನಿಂತು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಮರದ ಮೇಲೆ ಅಂಗೈ ಇಟ್ಟೆ. ನಾನು ಹಿಂದಿನಿಂದ ಬಂದು ನಿನ್ನ ಬೆನ್ನಿನ ಮೇಲೆ ಕೈಯಿಟ್ಟೆ. ನೆಟ್ಟಗೆ ನಿಲ್ಲಿಸುತ್ತಿದ್ದೇನೆ ಎಂದು ತಿಳಿದು ನೀನು ಭುಜ ಸರಿಮಾಡಿಕೊಂಡೆ. ನಾನು ಇಟ್ಟದ್ದು ಅದಕ್ಕಲ್ಲ.

ನಿನ್ನ ಬೆನ್ನು ಗುಂಯ್ ಎನ್ನುತ್ತಿತ್ತು ಕಣೇ. ತುಟಿ ಮುಚ್ಚಿಕೊಂಡಿದ್ದೆ, ನಿನಗೇ ಗೊತ್ತಿರಲಿಲ್ಲ. ಮಂದ್ರ ಷಡ್ಜ. ಇಷ್ಟು ವರ್ಷದ ಮೇಲೆ, ಜಾಗ ಬಿಡದೆ.

ಸೋಮವಾರ ಸಂಜೆ ದೊಡ್ಡವರ ಪಾಠ ಶುರು ಮಾಡುತ್ತಿದ್ದೇನೆ. ಸದ್ಯಕ್ಕೆ ಅದರಲ್ಲಿ ಒಬ್ಬಳೇ ವಿದ್ಯಾರ್ಥಿನಿ. ಸಾಕ್ಸು ಬಾಗಿಲಲ್ಲೇ ಬಿಚ್ಚಬೇಕು.

ಸರ್ವಮಂಗಳಮ್ಮ


ಸತ್ಯಮಂಗಲ
17 ಫೆಬ್ರವರಿ 2025, ಸೋಮವಾರ

ಮಿಸ್,

ಬೆಳಗಿನಿಂದ ಬಾಗಿಲು ಮುಚ್ಚಿಕೊಂಡು ಆಫೀಸಿನಲ್ಲಿ ಎದೆಯ ಮೇಲೆ ಕೈಯಿಟ್ಟು ಷಡ್ಜ ಹುಡುಕುತ್ತಿದ್ದೇನೆ. ಸಿಕ್ಕಿದೆಯೋ, ಸಿಕ್ಕಿದೆಯೆಂದು ನಾನೇ ಅಂದುಕೊಳ್ಳುತ್ತಿದ್ದೇನೋ ತಿಳಿಯುತ್ತಿಲ್ಲ. ನಿಮ್ಮ ಅಂಗೈಯನ್ನೇ ಕೇಳಬೇಕು. ನಿಮ್ಮ ದನಿ ನನ್ನ ಕಿವಿಯಿಂದ ಹೋಗಲಿಲ್ಲ. ಅವತ್ತು ಸಭಾದಲ್ಲಿ ಹುಡುಗಿಯರ ಬಾಯಲ್ಲಿ ಅದೇ ಇತ್ತು. ನಾನು ಸುಮ್ಮನೆ ಹೆದರಿದ್ದೆ.

ಶಿವರಾಜ್ ಬಾಗಿಲು ತಟ್ಟಿ, "ಮೇಡಂ, ಯಾವ್ದೋ ಮೋಟಾರು ಗುಂಯ್ ಅಂತೈತೆ, ಬುಶ್ ಹಾಕಾನಾ?" ಎಂದು ಕೇಳಿದ.

ಬೇಡ, ಹಾಗೇ ಬಿಡು ಎಂದೆ.

ಈ ಕಾಗದವನ್ನು ಕಂಡಕ್ಟರ್ ಕೈಗೆ ಕೊಡುತ್ತಿಲ್ಲ. ನಾನೇ ತರುತ್ತಿದ್ದೇನೆ.

ನಿಮ್ಮ ವಿದ್ಯಾರ್ಥಿನಿ
ಸುಶ್ಮಿತಾ